ಕೂರುವ ಜಾಗಕ್ಕೊಂದು ಮರೆಗೋಡೆ: ಇಟ್ಟಿಗೆಯೋ, ಮರವೋ, ಬಳ್ಳಿಯೋ?

ಮನೆಯ ಹಿಂದೆ ನೆಲಹಾಸು ಹಾಕಿದ ಒಂದು ಪುಟ್ಟ ಜಾಗ. ಎರಡು ಕುರ್ಚಿ, ಒಂದು ಮೇಜು. ಸಂಜೆ ಸುಮ್ನೆ ಕೂರೋಣ ಅಂತ ಹೋದರೆ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆ. ಹತ್ತೇ ನಿಮಿಷಕ್ಕೆ ಎದ್ದು ಒಳಗೆ ಬರುತ್ತೇವೆ. ಪ್ಯಾಟಿಯೊಗೆ, ಅಂದರೆ ಇಂಥ ಹೊರಗೆ ಕೂರುವ ಜಾಗಕ್ಕೆ, ಒಂದು ಮರೆ ಬೇಕು ಅನ್ನುವ ಯೋಚನೆ ಶುರುವಾಗುವುದು ಹೀಗೆ.

ಆಮೇಲೆ ಎಲ್ಲರೂ ಕೇಳುವುದು ಒಂದೇ: ಯಾವುದರಲ್ಲಿ ಕಟ್ಟಿಸಲಿ? ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಒಳ್ಳೆಯ ಮರದ ಹಲಗೆ ಆರಿಸಿದೆ. ಸಂದಿಯೇ ಇಲ್ಲದ ಹಾಗೆ ಒಂದರ ಪಕ್ಕ ಒಂದು ಹೊಡೆಸಿದೆ. ಕಂಬಗಳನ್ನು ನೆಲಹಾಸಿನ ಮೇಲೆಯೇ ಬೋಲ್ಟ್ ಹಾಕಿ ನಿಲ್ಲಿಸಿದರು. ಮೊದಲ ಜೋರು ಗಾಳಿಮಳೆಗೆ ಇಡೀ ಗೋಡೆ ವಾಲಿತು. ಹಲಗೆಗೆ ಏನೂ ಆಗಿರಲಿಲ್ಲ. ಬೋಲ್ಟುಗಳು ಕಾಂಕ್ರೀಟಿನ ಚೂರುಗಳ ಸಮೇತ ಕಿತ್ತು ಬಂದಿದ್ದವು. ಆವತ್ತಿನಿಂದ ನನ್ನ ಕ್ರಮವೇ ಬದಲಾಗಿದೆ. ಮೊದಲು ನೋಟ, ಆಮೇಲೆ ಗಾಳಿ, ಆಮೇಲೆ ಪಾಯ. ಸಾಮಗ್ರಿಯ ಆಯ್ಕೆ ಇವುಗಳಿಂದ ಹುಟ್ಟಬೇಕು.

ಯಾರು, ಎಲ್ಲಿಂದ ನೋಡುತ್ತಾರೆ?

ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ನಿಂತವರ ಕಣ್ಣು 5 ಅಡಿಯ ಮೇಲೆ. ಪಕ್ಕದ ಜಾಗವೂ ನಿಮ್ಮದೂ ಒಂದೇ ಮಟ್ಟದಲ್ಲಿದ್ದರೆ ಐದೂವರೆ, ಆರು ಅಡಿ ಸಾಕು. ಆದರೆ ಮೇಲಿನ ಮಹಡಿಯ ಕಿಟಕಿಯಿಂದ ನೋಟ ಬರುತ್ತಿದ್ದರೆ ಲೆಕ್ಕ ಬೇರೆ.

ಒಂದು ಉದಾಹರಣೆ ನೋಡಿ. ಗೋಡೆ ಬರುವ ಜಾಗದಿಂದ 30 ಅಡಿ ದೂರದಲ್ಲಿ ಒಂದು ಕಿಟಕಿ ಇದೆ. ಅಲ್ಲಿ ನಿಂತವರ ಕಣ್ಣು 15 ಅಡಿ ಎತ್ತರದಲ್ಲಿದೆ ಅಂದುಕೊಳ್ಳಿ. ನೀವು ಗೋಡೆಯಿಂದ 6 ಅಡಿ ದೂರ ಕೂತರೆ 6 ಅಡಿಯ ಗೋಡೆ ನಿಮ್ಮ ಮುಖವನ್ನು ಮುಚ್ಚುತ್ತದೆ. 12 ಅಡಿ ದೂರ ಕೂತರೆ ಅದೇ ಕೆಲಸಕ್ಕೆ 7 ಅಡಿಗೂ ಜಾಸ್ತಿ ಎತ್ತರ ಬೇಕು. ಅಂದರೆ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡರೆ ಒಂದು ಅಡಿ ಗೋಡೆ ಉಳಿಯಿತು! ಎಷ್ಟೋ ಜನ ಜಾಗದ ಅಂಚಿನಲ್ಲಿ ಉದ್ದಕ್ಕೂ ಗೋಡೆ ಎಬ್ಬಿಸುತ್ತಾರೆ. ಕೂರುವ ಮೂಲೆಯ ಪಕ್ಕದಲ್ಲಿ 8 ಅಡಿ ಉದ್ದದ ಒಂದು ಮರೆ ನಿಲ್ಲಿಸಿದ್ದರೆ ಅದೇ ಸಾಕಾಗುತ್ತಿತ್ತು.

ಕಿಟಕಿ ಇನ್ನೂ ಹತ್ತಿರ, ಇನ್ನೂ ಮೇಲೆ ಇದ್ದರೆ ಯಾವ ಗೋಡೆಯೂ ಪ್ರಯೋಜನಕ್ಕೆ ಬರುವುದಿಲ್ಲ. ಆಗ ತಲೆಯ ಮೇಲೆ ಚಪ್ಪರ ಬೇಕು.

ಕಾಗದದ ಮೇಲಿನ ಲೆಕ್ಕಕ್ಕಿಂತ ಒಂದು ಹಳೇ ಬೆಡ್‌ಶೀಟ್ ಒಳ್ಳೆಯದು. ಎರಡು ಕೋಲು ನಿಲ್ಲಿಸಿ, ನೀವು ಅಂದುಕೊಂಡ ಎತ್ತರಕ್ಕೆ ಶೀಟನ್ನು ಕಟ್ಟಿ. ಒಂದು ವಾರ ಬಿಡಿ. ಕೂತು ನೋಡಿ, ನಿಂತು ನೋಡಿ, ಬೆಳಿಗ್ಗೆ ನೆರಳು ಎಲ್ಲಿ ಬೀಳುತ್ತದೆ ಅಂತಲೂ ನೋಡಿ. ಅಡುಗೆಮನೆಯ ಬೆಳಕು ಕಮ್ಮಿಯಾಯಿತು ಅಂತ ಗೋಡೆ ಕಟ್ಟಿದ ಮೇಲೆ ಗೊತ್ತಾದರೆ ಏನು ಮಾಡುವುದು? ಗಡಿಯ ಮೇಲೆ ಕಟ್ಟುವುದಾದರೆ ಎತ್ತರಕ್ಕೆ ಮಿತಿ ಇದೆಯೇ ಅಂತ ಅನುಮತಿ ಕೊಡುವ ಕಚೇರಿಯಲ್ಲಿ ಮೊದಲೇ ಕೇಳಿ. ಪಕ್ಕದವರಿಗೂ ಒಂದು ಮಾತು ಹೇಳಿ. ಗೋಡೆಯ ಇನ್ನೊಂದು ಮುಖವನ್ನು ದಿನಾ ನೋಡುವವರು ಅವರು, ಅಲ್ವಾ?

ಗಾಳಿಯ ಲೆಕ್ಕ

ಸಂದಿಯಿಲ್ಲದ ಗೋಡೆ ಗಾಳಿಯ ಪಾಲಿಗೆ ದೋಣಿಯ ಹಾಯಿ ಇದ್ದ ಹಾಗೆ. 10 ಅಡಿ ಉದ್ದ, 6 ಅಡಿ ಎತ್ತರದ ಒಂದು ಹಲಗೆ ಗೋಡೆಯ ಮೇಲೆ ಗಂಟೆಗೆ 108 ಕಿಲೋಮೀಟರ್ ವೇಗದ ಬಿರುಗಾಳಿ ಬೀಸಿದರೆ 300 ಕೆಜಿಗೂ ಹೆಚ್ಚು ತೂಕದಷ್ಟು ಒತ್ತಡ ಬೀಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಎತ್ತರದ ವಿಷಯವೂ ಹೀಗೇ. ಗೋಡೆಯನ್ನು ಬುಡದಿಂದ ಉರುಳಿಸುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 5 ಅಡಿಯ ಗೋಡೆಯನ್ನು 6 ಅಡಿ ಮಾಡಿದರೆ ಎತ್ತರ ಹೆಚ್ಚಿದ್ದು ಐದರಲ್ಲಿ ಒಂದು ಪಾಲು ಮಾತ್ರ. ಬುಡದ ಮೇಲಿನ ಬಲ ಹೆಚ್ಚುಕಮ್ಮಿ ಒಂದೂವರೆ ಪಟ್ಟಾಯಿತು. "ಇನ್ನೊಂದು ಅಡಿ ಇರಲಿ ಬಿಡಿ" ಅನ್ನುವ ಮಾತು ಸುಲಭ, ಆದರೆ ಅದರ ಭಾರ ಹೊರುವುದು ಪಾಯ.

ಗಾಳಿ ತಡೆಯಬೇಕು ಅಂತಲೇ ಮುಚ್ಚಿದ ಗೋಡೆ ಕಟ್ಟಿಸುವವರಿದ್ದಾರೆ. ಅವರಿಗೆ ಆಗುವುದು ನಿರಾಸೆ. ಗಾಳಿ ಗೋಡೆಯನ್ನು ಹತ್ತಿ, ಆಚೆ ಬದಿ ಸುಳಿಯಾಗಿ ಇಳಿಯುತ್ತದೆ. ಮೇಜಿನ ಮೇಲಿನ ಕಾಗದ ಹಾರಾಡುವುದು ನಿಲ್ಲುವುದಿಲ್ಲ. ಅರ್ಧದಷ್ಟು ತೆರೆದಿರುವ ಗೋಡೆ ಗಾಳಿಯನ್ನು ಸೋಸಿ, ವೇಗ ಇಳಿಸಿ ಒಳಗೆ ಬಿಡುತ್ತದೆ. ಹಾಗಾಗಿ ಬಹಳಷ್ಟು ಪ್ಯಾಟಿಯೊಗಳಿಗೆ ಉಸಿರಾಡುವ ಮರೆಯೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸದ್ದು ತಡೆಯಬೇಕಾದರೆ ಮಾತ್ರ ಇದು ಉಲ್ಟಾ. ಸದ್ದಿಗೆ ತೂಕ ಬೇಕು, ಒಂದು ಬಿರುಕೂ ಇರಬಾರದು. ಚದರ ಮೀಟರಿಗೆ ಕನಿಷ್ಠ 10 ಕೆಜಿ ತೂಕದ, ನೆಲಕ್ಕೆ ತಾಗಿ ನಿಂತ ಗೋಡೆ ಬೇಕು. ರಸ್ತೆಯ ಗದ್ದಲವೇ ನಿಮ್ಮ ದೊಡ್ಡ ತೊಂದರೆಯಾಗಿದ್ದರೆ ಬಿದಿರು ತಡಿಕೆ, ಬಳ್ಳಿ, ಬಟ್ಟೆ ಇವನ್ನೆಲ್ಲ ಈಗಲೇ ಪಟ್ಟಿಯಿಂದ ತೆಗೆದುಬಿಡಿ.

ಇಟ್ಟಿಗೆ ಮತ್ತು ಬ್ಲಾಕ್

ಒಮ್ಮೆ ಕಟ್ಟಿದರೆ ತಲೆಮಾರು ನಿಲ್ಲುವುದು ಇದೇ. ಸದ್ದು ತಡೆಯುತ್ತದೆ, ಬೆಂಕಿಗೆ ಹೆದರುವುದಿಲ್ಲ, ಗೆದ್ದಲಿನ ಚಿಂತೆಯಿಲ್ಲ. ಆದರೆ ಭಾರ. 9 ಇಂಚು ದಪ್ಪ, 6 ಅಡಿ ಎತ್ತರದ ಇಟ್ಟಿಗೆ ಗೋಡೆ ಒಂದು ಅಡಿ ಉದ್ದಕ್ಕೇ ಸುಮಾರು 240 ಕೆಜಿ ತೂಗುತ್ತದೆ. ಇದನ್ನು ಈಗಿರುವ ನೆಲಹಾಸಿನ ಮೇಲೆ ಕಟ್ಟಲೇಬಾರದು. 4 ಇಂಚಿನ ಕಾಂಕ್ರೀಟ್ ನೆಲ ನಡೆದಾಡಲು ಹಾಕಿದ್ದು. ಅದು ಪಾಯವಲ್ಲ.

ಖರ್ಚು ಉಳಿಸಲು ನಾಲ್ಕೂವರೆ ಇಂಚಿನ ಗೋಡೆ ಸಾಕು ಅನ್ನುವ ಮೇಸ್ತ್ರಿಗಳು ಸಿಗುತ್ತಾರೆ. ಮನೆಯೊಳಗೆ ಸರಿ. ಅಲ್ಲಿ ಅಡ್ಡಗೋಡೆ, ಚಾವಣಿ ಹಿಡಿದುಕೊಂಡಿರುತ್ತವೆ. ಬಯಲಲ್ಲಿ ಒಂಟಿಯಾಗಿ ನಿಲ್ಲುವ ಗೋಡೆಗೆ ತನ್ನ ತೂಕ ಮತ್ತು ದಪ್ಪ ಎರಡೇ ಆಸರೆ. ದಪ್ಪ ಅರ್ಧವಾದರೆ ತೂಕವೂ ಅರ್ಧ, ಬುಡದ ಹಿಡಿತವೂ ಅರ್ಧ. ಉರುಳದೆ ನಿಲ್ಲುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. 6 ಅಡಿ ಎತ್ತರಕ್ಕೆ 9 ಇಂಚಿಗಿಂತ ತೆಳು ಬೇಡ. ಅದಕ್ಕೂ 8ರಿಂದ 10 ಅಡಿಗೊಂದು ಕಂಬ ಕೊಡಿ. ಇಲ್ಲವೇ ಗೋಡೆಯನ್ನೇ ಅಲ್ಲಲ್ಲಿ ಹಿಂದೆ ಮುಂದೆ ಮಡಿಸಿ. ಮಡಿಸಿದ ಕಾಗದ ನಿಲ್ಲುತ್ತದೆ, ನೇರ ಕಾಗದ ಬೀಳುತ್ತದೆ. ಗೋಡೆಗೂ ಇದೇ ನಿಯಮ.

ಗಾರೆಯಲ್ಲಿ ಸಿಮೆಂಟ್ ಜಾಸ್ತಿ ಹಾಕಿಸಿದರೆ ಗೋಡೆ ಗಟ್ಟಿ ಅನ್ನುವುದು ತಪ್ಪು ತಿಳುವಳಿಕೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಇಟ್ಟಿಗೆ ಕೆಲಸಕ್ಕೆ ಸಾಕು. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ ಗೋಡೆ ಅಲುಗಿದಾಗ ಬಿರುಕು ಸಂದಿಯಲ್ಲಿ ಬರುವ ಬದಲು ಇಟ್ಟಿಗೆಯನ್ನೇ ಸೀಳುತ್ತದೆ. ಸಂದಿಯ ಬಿರುಕನ್ನು ತುಂಬಬಹುದು, ಸೀಳಿದ ಇಟ್ಟಿಗೆಯನ್ನು ಏನು ಮಾಡುತ್ತೀರಿ? ಕಟ್ಟಿದ ಮೇಲೆ ಒಂದು ವಾರ ನೀರು ಹಾಕುವುದನ್ನು ತಪ್ಪಿಸಬೇಡಿ.

ಟೊಳ್ಳು ಕಾಂಕ್ರೀಟ್ ಬ್ಲಾಕು ನನಗೆ ಇಟ್ಟಿಗೆಗಿಂತ ಇಷ್ಟ. ಕಾರಣ ಒಂದೇ: ತೂತುಗಳ ಒಳಗೆ ಪಾಯದಿಂದಲೇ ಕಂಬಿ ಎಬ್ಬಿಸಿ ಕಾಂಕ್ರೀಟ್ ತುಂಬಬಹುದು. ಆಗ ಗೋಡೆ ಬರೀ ತೂಕದ ಮೇಲೆ ನಿಲ್ಲುವುದಿಲ್ಲ. ಕಂಬಿ ಅದನ್ನು ಪಾಯಕ್ಕೆ ಕಟ್ಟಿಹಾಕುತ್ತದೆ. ಆದರೆ ಬ್ಲಾಕು ಒಣಗುತ್ತಾ ಕುಗ್ಗುತ್ತದೆ. 20 ಅಡಿಗೊಂದು ಕಡೆ ಮೇಲಿಂದ ಕೆಳಗಿನವರೆಗೆ ಸಂದಿ ಬಿಡಿ. ಬಿಡದಿದ್ದರೆ ಗೋಡೆ ತನಗೆ ಬೇಕಾದ ಕಡೆ ತಾನೇ ಬಿರುಕು ಬಿಡುತ್ತದೆ. ಹಗುರ ಅಂತ ಎಎಸಿ ಬ್ಲಾಕ್ (ಒಳಗೆಲ್ಲ ಗಾಳಿಗುಳ್ಳೆ ಇರುವ ಕಾಂಕ್ರೀಟ್ ಬ್ಲಾಕ್) ಕೇಳುವವರಿಗೆ ಒಂದು ಮಾತು: ಒಂಟಿ ಗೋಡೆಗೆ ಹಗುರ ಇರುವುದು ಗುಣವಲ್ಲ. ನೀರೂ ಬೇಗ ಹೀರುತ್ತದೆ.

ಗೋಡೆಯ ತಲೆಯ ಮೇಲೆ ಹಾಸುಕಲ್ಲು ಅಥವಾ ಕಾಂಕ್ರೀಟಿನ ಟೋಪಿ ಇರಲೇಬೇಕು. ಅದು ಎರಡೂ ಬದಿಗೆ ಒಂದೂವರೆ ಇಂಚು ಚಾಚಿಕೊಂಡಿರಲಿ. ಅಡಿಯಲ್ಲಿ ಒಂದು ಸಣ್ಣ ಗೀರು ಕೊರೆಸಿ. ನೀರು ಆ ಗೀರಿನ ಹತ್ತಿರ ಬಂದು ತೊಟ್ಟಿಕ್ಕಿ ಬೀಳುತ್ತದೆ, ಗೋಡೆಗೆ ಇಳಿಯುವುದಿಲ್ಲ. ಕಪ್ಪು ಪಾಚಿ ಪಟ್ಟೆಗಳಿರುವ ಗೋಡೆಗಳನ್ನು ನೋಡಿ. ಬಹುಪಾಲು ಈ ಗೀರು ಇಲ್ಲದವು.

ಇಟ್ಟಿಗೆಯ ಗಟ್ಟಿತನವೂ ಬೇಕು, ಗಾಳಿಯೂ ಬೇಕು ಅನ್ನುವವರಿಗೆ ಆರಪಾರ ತೂತುಗಳಿರುವ ಜಾಲಿ ಬ್ಲಾಕ್ ಇದೆ. ಕೆಳಗಿನ 4 ಅಡಿ ಮುಚ್ಚಿದ ಗೋಡೆ, ಮೇಲಿನ 2 ಅಡಿ ಜಾಲಿ ಮಾಡಿಸಿದರೆ ಕೂತವರು ಸರಿಯಾಗಿ ಕಾಣುವುದಿಲ್ಲ, ಗಾಳಿಯ ಹೊಡೆತವೂ ಎಲ್ಲಕ್ಕಿಂತ ಜಾಸ್ತಿ ಬೀಳುವ ಮೇಲ್ಭಾಗದಲ್ಲಿ ಇಳಿಯುತ್ತದೆ.

ಕಲ್ಲಿನ ಗೋಡೆಗೆ ಜಾಗ ಬೇಕು, ಬಲ್ಲ ಕೈ ಬೇಕು. ಎರಡೂ ಇದ್ದರೆ ಯೋಚಿಸಬೇಡಿ, ಅದನ್ನೇ ಮಾಡಿಸಿ. ತಂತಿ ಬುಟ್ಟಿಗೆ ಕಲ್ಲು ತುಂಬುವ ಗೇಬಿಯನ್ ನೋಡಲು ಸುಲಭ. ಆದರೆ ಒಂದು ಅಡಿ ದಪ್ಪದ ಬುಟ್ಟಿಯನ್ನು 6 ಅಡಿ ಎಬ್ಬಿಸುವುದಾದರೆ ಒಳಗೆ ಉಕ್ಕಿನ ಕಂಬಗಳು ಬೇಕೇ ಬೇಕು.

ಮರ

ಮೊದಲ ಗೋಡೆ ವಾಲಿದ ಮೇಲೂ ನಾನು ಮರವನ್ನು ಬಿಟ್ಟಿಲ್ಲ. ಮುಟ್ಟಿದರೆ ಸುಡುವುದಿಲ್ಲ, ಕಣ್ಣಿಗೆ ತಂಪು, ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಬೇರೆ ಯಾವ ಸಾಮಗ್ರಿಯೂ ಇಷ್ಟು ಸುಲಭವಾಗಿ ರಿಪೇರಿ ಆಗುವುದಿಲ್ಲ.

ಮರ ಹಾಳಾಗುವುದು ಮೂರು ಕಡೆ. ಕಂಬ ನೆಲಕ್ಕೆ ಸೇರುವ ಜಾಗ, ಹಲಗೆಯ ಕತ್ತರಿಸಿದ ತುದಿ, ಮತ್ತು ಮೊಳೆ ಹೊಡೆದ ತೂತು. ತುದಿಯ ಮೂಲಕ ಮರ ನೀರನ್ನು ಸ್ಟ್ರಾ ಹಾಗೆ ಹೀರುತ್ತದೆ. ಎಷ್ಟೇ ಒಳ್ಳೆಯ ಪಾಲಿಶ್ ಇದ್ದರೂ ತುದಿಗಳಿಗೆ ಎರಡು ಮೂರು ಕೋಟ್ ಬೇರೆಯಾಗಿ ಹಚ್ಚಿಸಿ. ಹಲಗೆಯ ಕೆಳ ಅಂಚು ನೆಲದಿಂದ 2 ಇಂಚು ಮೇಲಿರಲಿ. ಗೆದ್ದಲು ಬಂದರೂ ಆ ಸಂದಿಯಲ್ಲಿ ಕಣ್ಣಿಗೆ ಬೀಳುತ್ತದೆ.

ಮರ ಕೊಳ್ಳುವಾಗ ಜಾತಿ ಕೇಳುವುದರ ಜೊತೆಗೆ ತಿರುಳು ಎಷ್ಟಿದೆ ಅಂತ ನೋಡಿ. ತೇಗದ ಬಿಳಿ ಹೊರಭಾಗಕ್ಕೂ ಹುಳ ಹಿಡಿಯುತ್ತದೆ. ಬಾಳುವುದು ಒಳಗಿನ ಕಡುಬಣ್ಣದ ತಿರುಳು. ಮೆತ್ತನೆ ಮರವಾದರೆ ಒತ್ತಡದಲ್ಲಿ ಔಷಧಿ ತುಂಬಿಸಿದ್ದೇ ಬೇಕು. ಆ ಔಷಧಿಯಲ್ಲಿ ತಾಮ್ರ ಇರುವುದುಂಟು. ಅದು ಸಾಮಾನ್ಯ ಕಬ್ಬಿಣದ ಸ್ಕ್ರೂಗಳನ್ನು ಬೇಗ ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಸಮುದ್ರದ ಹತ್ತಿರ ಇದ್ದರೆ 316 ದರ್ಜೆಯದ್ದೇ ಇರಲಿ.

ಹಲಗೆ ಜೋಡಿಸುವ ರೀತಿಯೇ ಇಲ್ಲಿ ನಿಜವಾದ ಆಯ್ಕೆ. ಚೌಕಟ್ಟಿನ ಎರಡೂ ಬದಿಗೆ ಒಂದು ಬಿಟ್ಟು ಒಂದು ಹಲಗೆ ಹೊಡೆದರೆ, ಮುಂದಿನ ಸಂದಿಯನ್ನು ಹಿಂದಿನ ಹಲಗೆ ಮುಚ್ಚುತ್ತದೆ. ಗಾಳಿ ಸುತ್ತಿಕೊಂಡು ಒಳಗೆ ಬರುತ್ತದೆ, ನೋಟ ಬರುವುದಿಲ್ಲ. ಎರಡೂ ಮನೆಯವರಿಗೆ ಒಂದೇ ಥರ ಚೆಂದ ಕಾಣುತ್ತದೆ. ಇನ್ನೊಂದು ರೀತಿ ಓರೆ ಪಟ್ಟಿ. 4 ಇಂಚು ಅಗಲದ ಪಟ್ಟಿಗಳನ್ನು 45 ಡಿಗ್ರಿ ಓರೆ ಮಾಡಿ, ಎರಡೂವರೆ ಇಂಚಿಗೊಂದರಂತೆ ಅಡ್ಡಡ್ಡ ಕೂರಿಸಿದರೆ ನೇರ ನೋಟ ಪೂರ್ತಿ ನಿಲ್ಲುತ್ತದೆ. ಮೇಲಿನ ಕಿಟಕಿಯ ಕಡೆಯಿಂದ ಮರೆ ಬೇಕಿದ್ದರೆ ಪಟ್ಟಿಯ ಹೊರ ಅಂಚು ಕೆಳಗಿರಬೇಕು, ಒಳ ಅಂಚು ಮೇಲೆ, ಕಿಟಕಿ ಲೂವರಿನ ಹಾಗೆ. ಬಡಗಿ ಉಲ್ಟಾ ಮಾಡಿ ಒಳಕ್ಕೆ ಇಳಿಸಿಬಿಟ್ಟರೆ ಮೇಲಿನವರಿಗೆ ಎಲ್ಲವೂ ಕಾಣುತ್ತದೆ. ಒಳಕ್ಕೆ ಇಳಿಸಿದ ಪಟ್ಟಿ ಮಳೆನೀರನ್ನೂ ಒಳಕ್ಕೇ ಬಿಡುತ್ತದೆ.

ಬಿದಿರು ಅಗ್ಗ, ಹಗುರ, ಬೇಗ ಮುಗಿಯುವ ಕೆಲಸ. ಮೂರು ವರ್ಷ ಬಲಿತ ಬಿದಿರನ್ನು ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿದ್ದರೆ ಕೊರೆಹುಳ ಹತ್ತುವುದಿಲ್ಲ. ಆದರೆ ಆ ಔಷಧಿ ಮಳೆಗೆ ತೊಳೆದು ಹೋಗುತ್ತದೆ. ಸೂರಿನ ಕೆಳಗೆ ಅದು ಚೆನ್ನಾಗಿ ಬಾಳುತ್ತದೆ, ಬಯಲಲ್ಲಿ ಕೆಲವೇ ವರ್ಷ. ಕಂಬವಾಗಿ ಮಣ್ಣಿಗೆ ಹೂಳುವುದಂತೂ ಬೇಡ.

ಡಬ್ಲ್ಯೂಪಿಸಿ, ಅಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿದ ಹಲಗೆ, ಗೆದ್ದಲಿಗೆ ಸಿಗುವುದಿಲ್ಲ, ಪಾಲಿಶ್ ಬೇಡುವುದಿಲ್ಲ. ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ, ಆಸರೆ ದೂರ ಇದ್ದರೆ ಜೋತುಬೀಳುತ್ತದೆ. ಕಂಬ ಮಾತ್ರ ಉಕ್ಕಿನದೋ ಅಲ್ಯುಮಿನಿಯಮ್ಮಿನದೋ ಇರಲಿ.

ಲೋಹ, ಗಾಜು, ಶೀಟು

ಇವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪೌಡರ್ ಕೋಟ್ ಮಾಡಿದ ಅಲ್ಯುಮಿನಿಯಮ್ ಪಟ್ಟಿಗಳು ಹಗುರ, ತುಕ್ಕು ಹಿಡಿಯುವುದಿಲ್ಲ. 10 ಅಡಿ ಉದ್ದದ ಪಟ್ಟಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಜಾಗ ಬಿಡದಿದ್ದರೆ ಮಧ್ಯಾಹ್ನ ಬಿಲ್ಲಿನ ಹಾಗೆ ಬಾಗುತ್ತದೆ. ಹಸಿ ಸಿಮೆಂಟು ಅಲ್ಯುಮಿನಿಯಮ್ಮನ್ನು ಕೊರೆಯುತ್ತದೆ, ಅದನ್ನು ನೇರವಾಗಿ ಕಾಂಕ್ರೀಟಿನಲ್ಲಿ ಹುಗಿಯಬೇಡಿ. ಉಕ್ಕಾದರೆ ಬಣ್ಣಕ್ಕಿಂತ ಬಿಸಿ ಸತುವಿನಲ್ಲಿ ಅದ್ದಿದ್ದು ಬಾಳುತ್ತದೆ. ತೂತು ಕೊರೆಯುವುದು, ಬೆಸುಗೆ ಹಾಕುವುದು ಎಲ್ಲ ಅದ್ದುವ ಮೊದಲೇ ಮುಗಿದಿರಬೇಕು.

ತುಕ್ಕಿನ ಬಣ್ಣದ ಕಾರ್ಟೆನ್ ಉಕ್ಕು ಈಗ ಎಲ್ಲ ಕಡೆ ಕಾಣುತ್ತದೆ. ತುಕ್ಕಿನ ಪದರವೇ ಅದಕ್ಕೆ ರಕ್ಷಣೆ. ಆ ಪದರ ಗಟ್ಟಿಯಾಗಲು ಅದು ನೆನೆದು ಒಣಗಿ, ನೆನೆದು ಒಣಗಿ ಆಗಬೇಕು. ಅಷ್ಟರಲ್ಲಿ ತುಕ್ಕಿನ ನೀರು ತಿಳಿಬಣ್ಣದ ನೆಲಹಾಸಿನ ಮೇಲೆ ಹೋಗದ ಕಲೆ ಮಾಡಿಬಿಡುತ್ತದೆ. ಉಪ್ಪು ಗಾಳಿಯಲ್ಲಿ ಆ ಪದರ ನಿಲ್ಲುವುದೇ ಇಲ್ಲ.

ಬೆಳಕು ಬೇಕು, ನೋಟ ಬೇಡ ಅನ್ನುವವರಿಗೆ ಮಂಜು ಗಾಜು. ಟಫನ್ ಮಾಡಿ ಲ್ಯಾಮಿನೇಟ್ ಮಾಡಿದ್ದು ಮಾತ್ರ ತನ್ನಿ. ಪಾಲಿಕಾರ್ಬೊನೇಟ್ ಅಗ್ಗ, ಆದರೆ ಅಲ್ಯುಮಿನಿಯಮ್‌ಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಸ್ಕ್ರೂ ತೂತು ದೊಡ್ಡದಿರಲಿ. ಬಿಸಿಲು ತಡೆಯುವ ಲೇಪ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಆ ಬದಿ ಸೂರ್ಯನ ಕಡೆಗೆ ಬಂದಿದೆಯೇ ಅಂತ ನಿಂತು ನೋಡಿ.

ಬೆಳೆಯುವ ಗೋಡೆ

ತಂತಿ ಜಾಲದ ಮೇಲೆ ಬಳ್ಳಿ ಹಬ್ಬಿಸುವುದು ಎಲ್ಲಕ್ಕಿಂತ ತಂಪು. ಎರಡು ಮೂರು ವರ್ಷ ಕಾಯುವ ಮನಸ್ಸಿದ್ದರೆ ಇದಕ್ಕೆ ಸಮ ಯಾವುದೂ ಇಲ್ಲ. ವರ್ಷವಿಡೀ ಎಲೆ ಇರುವ ಬಳ್ಳಿ ಆರಿಸಿ. ಎಲೆ ಉದುರುವ ಬಳ್ಳಿಯಾದರೆ ವರ್ಷದಲ್ಲಿ ಕೆಲವು ತಿಂಗಳು ಮರೆಯೇ ಇರುವುದಿಲ್ಲ. ಜಾಲದ ಕಂಬಗಳನ್ನು ಹಗುರ ಮಾಡಬೇಡಿ. ಬಳ್ಳಿ ತುಂಬಿದ ಮೇಲೆ, ಅದರಲ್ಲೂ ಮಳೆಯಲ್ಲಿ ನೆನೆದಾಗ, ಅದೂ ಒಂದು ಹಾಯಿಯೇ. ಬೇಲಿಗೆ ಬಿದಿರು ನೆಡುವುದಾದರೆ ಮೆಳೆಯಾಗಿ ಬೆಳೆಯುವ ಜಾತಿಯೇ ಇರಲಿ. ನೆಲದಡಿ ಓಡುವ ಜಾತಿ ಕೆಲವೇ ವರ್ಷದಲ್ಲಿ ನೆಲಹಾಸನ್ನು ಎತ್ತಿಬಿಡುತ್ತದೆ.

ಕಂಬ ಮತ್ತು ಪಾಯ

ಹಲಗೆ, ಲೋಹ, ಬಳ್ಳಿ ಯಾವುದೇ ಆಗಲಿ, ಗೋಡೆಯ ಆಯಸ್ಸು ಇಲ್ಲಿದೆ. ನೆಲದ ಮೇಲೆ 6 ಅಡಿ ಇದ್ದರೆ ಒಳಗೆ ಕನಿಷ್ಠ 2 ಅಡಿ. ಗಾಳಿ ಜಾಸ್ತಿ ಇರುವ ಕಡೆ ಅಥವಾ ಮಣ್ಣು ಸಡಿಲ ಇದ್ದರೆ 3 ಅಡಿ. ಗುಂಡಿಯ ಅಗಲ ಕಂಬದ ಮೂರು ಪಟ್ಟು. ತಳದಲ್ಲಿ 4 ಇಂಚು ಜಲ್ಲಿ ಹಾಕಿ, ಅದರ ಮೇಲೆ ಕಂಬ, ಆಮೇಲೆ ಕಾಂಕ್ರೀಟು. ಕಾಂಕ್ರೀಟಿನ ಮೇಲ್ಮೈ ನೆಲಕ್ಕಿಂತ ಚೂರು ಮೇಲೆ ಬಂದು ಕಂಬದಿಂದ ಹೊರಕ್ಕೆ ಇಳಿಜಾರಾಗಿರಲಿ. ಇದೊಂದು ಮಾಡದೆ ಎಷ್ಟು ಮರದ ಕಂಬಗಳು ಬುಡ ಕೊಳೆತು ಬಿದ್ದಿವೆಯೋ! ಕಂಬ ನೆಟ್ಟ ದಿನವೇ ಹಲಗೆ ಹೊಡೆಯಲು ಬಿಡಬೇಡಿ. ಎರಡು ಮೂರು ದಿನ ಆಗಲಿ. ಅಗೆಯುವ ಮೊದಲು ಕೆಳಗೆ ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲಿದೆ ಅಂತ ತಿಳಿದುಕೊಳ್ಳಿ.

ಹೊಸ ಗೋಡೆಯನ್ನು ಮನೆಯ ಗೋಡೆಗೆ ಗಾರೆಯಿಂದ ಕಚ್ಚಿಸಬೇಡಿ. ಎರಡರ ಪಾಯ ಬೇರೆ, ಕುಸಿಯುವ ವೇಗವೂ ಬೇರೆ. ಅರ್ಧ ಇಂಚು ಸಂದಿ ಬಿಟ್ಟು ಮೆತ್ತನೆ ಸೀಲಂಟ್ ತುಂಬಿಸಿ. ಮುಚ್ಚಿದ ಗೋಡೆಯ ಬುಡದಲ್ಲಿ ನೀರು ಹೋಗಲು ತೂತುಗಳನ್ನೂ ಇಡಿಸಿ, ಇಲ್ಲದಿದ್ದರೆ ಪ್ಯಾಟಿಯೊ ತೊಟ್ಟಿಯಾಗುತ್ತದೆ.

ತಾರಸಿಯ ಮೇಲೆ ಮರೆ ಬೇಕೆಂದರೆ ಕೊರೆಯುವ ಮಾತೇ ಬೇಡ. ನೀರು ಸೋರದಂತೆ ಮಾಡಿದ ಪದರ ಒಂದೇ ತೂತಿಗೆ ಕೆಡುತ್ತದೆ. ಮಣ್ಣು ತುಂಬಿದ ಉದ್ದನೆಯ ತೊಟ್ಟಿಗಳಿಗೆ ಕಂಬ ಕೂರಿಸಿ, ಅರ್ಧ ತೆರೆದ ಪಟ್ಟಿಗಳನ್ನು ಹಾಕಿ. ಎತ್ತರ 5 ಅಡಿಗೆ ನಿಲ್ಲಿಸಿ. ತೊಟ್ಟಿಗಳ ಭಾರವನ್ನು ತಾರಸಿ ಹೊರುತ್ತದೆಯೇ ಅಂತ ಇಂಜಿನಿಯರ್ ಒಬ್ಬರಿಗೆ ತೋರಿಸಿ.

ನಾನು ಕೊನೆಗೆ ಮಾಡಿದ್ದು

ನನ್ನ ಜಾಗದ ಮೂರು ಬದಿಗೂ ಒಂದೇ ಉತ್ತರ ಸಿಗಲಿಲ್ಲ. ರಸ್ತೆಯ ಕಡೆ ಸದ್ದಿತ್ತು. ಅಲ್ಲಿ ಕಂಬಿ ಕಟ್ಟಿದ ಟೊಳ್ಳು ಬ್ಲಾಕಿನ ಗೋಡೆ, ತಲೆಯ ಮೇಲೆ ಗೀರು ಕೊರೆದ ಹಾಸುಕಲ್ಲು. ಪಕ್ಕದ ಮನೆಯ ಕಡೆಗೆ ಎರಡೂ ಬದಿಗೆ ಒಂದು ಬಿಟ್ಟು ಒಂದು ಹೊಡೆದ ಹಲಗೆ, ಹಳೇ ಗೋಡೆಯದ್ದೇ. ಈ ಸಲ ಸತು ಲೇಪದ ಉಕ್ಕಿನ ಕಂಬಗಳು ಎರಡೂವರೆ ಅಡಿ ಮಣ್ಣಿನೊಳಗಿವೆ. ಮೂರನೇ ಬದಿಯಲ್ಲಿ ಮೇಲಿನ ಮಹಡಿಯ ಒಂದು ಕಿಟಕಿ ಮಾತ್ರ ಇತ್ತು. ಅಲ್ಲಿ ಗೋಡೆಯನ್ನೇ ಕಟ್ಟಲಿಲ್ಲ. ಕುರ್ಚಿಗಳ ಪಕ್ಕಕ್ಕೆ 8 ಅಡಿ ಉದ್ದದ ತಂತಿ ಜಾಲ ನಿಲ್ಲಿಸಿ ಬಳ್ಳಿ ಹಬ್ಬಿಸಿದೆ. ಮೊದಲ ವರ್ಷ ಬಳ್ಳಿ ಮೊಣಕಾಲಿನವರೆಗೆ ಬಂದಿತ್ತು, ಬೆಡ್‌ಶೀಟನ್ನು ಜಾಲಕ್ಕೇ ಕಟ್ಟಿಕೊಂಡು ಕೂರುತ್ತಿದ್ದೆವು. ಮೂರನೇ ವರ್ಷ ಅದನ್ನು ಬಿಚ್ಚಿದೆ.